ಗಂಗೆಯಿಲ್ಲದ ನಾಡಿನಲ್ಲಿ ಶಿವರಾತ್ರಿ



ಮಾಘ ಬಹುಳ ಚತುರ್ದಶಿ ಸಮೀಪಿಸಿದಂತೆ ನಮ್ಮ ಮನೆಗಳಲ್ಲಿ ಸಡಗರವು ತಾನಾಗಿಯೇ ಮೈದೋರುತ್ತದೆ. ಉತ್ತರ ಕರ್ನಾಟಕದ ಕಡೆ ಖರ್ಜೂರ, ಕಲ್ಲಂಗಡಿ, ಸಾಬೂದಾಣಿ, ಶೇಂಗಾ ಉಂಡೆಗಳ ಸಿದ್ಧತೆ. ಹಳೆಯ ಮೈಸೂರಿನ ಕಡೆ ತಂಬಿಟ್ಟಿನ ಪರಿಮಳ. ಚಳಿಯು 'ಶಿವ ಶಿವ' ಎನ್ನುತ್ತ ಊರು ಬಿಡುವ ಕಾಲವಿದೆಂದು ಹಿರಿಯರು ನಗುತ್ತ ಹೇಳುವುದುಂಟು. ಆದರೆ ಈಚಿನ ವರ್ಷಗಳಲ್ಲಿ ಸಡಗರದ ಬೆನ್ನಿಗೇ ಒಂದು ಕೊರಗೂ ನಮ್ಮ ಎಷ್ಟೋ ಮನೆಗಳನ್ನು ಹೊಕ್ಕಿದೆ. ಮಗ ನ್ಯೂಜೆರ್ಸಿಯಲ್ಲಿ, ಮಗಳು ಮೆಲ್ಬರ್ನಿನಲ್ಲಿ, ಮೊಮ್ಮಕ್ಕಳು ಅಲ್ಲಿಯೇ ಹುಟ್ಟಿ ಅಲ್ಲಿಯ ಶಾಲೆಗೆ ಹೋಗುವವರು. ದೊಡ್ಡ ಮನೆಯ ದೇವರ ಕೋಣೆಯಲ್ಲಿ ಶಿವರಾತ್ರಿಯಂದು ಕೂಡುವವರು ವಯಸ್ಸಾದ ದಂಪತಿಗಳಿಬ್ಬರೇ.

ಕಳೆದ ವರ್ಷ ಮಠವೊಂದರ ಅನುಭಾವಗೋಷ್ಠಿ ಮುಗಿದ ಬಳಿಕ ಧಾರವಾಡದ ಕಡೆಯ ತಾಯಿಯೊಬ್ಬರು ನನ್ನನ್ನು ತಡೆದು ಕೇಳಿದರು: "ಅಣ್ಣಾರ, ಶಿವರಾತ್ರಿ ಬುಧವಾರ ಬಂದ್ರ ನಮ್ಮ ಹುಡುಗರು ಅಲ್ಲಿ ಶನಿವಾರ ಮಾಡ್ತಾರ. ಪತ್ರಿ ಇಲ್ಲ, ಜಾಗರಣಿ ಇಲ್ಲ. ಹಂಗ ಮಾಡಿದ್ದು ಶಿವಗ ಮುಟ್ಟತದೇನ್ರಿ?" ಕೇಳಿದವರ ದನಿಯಲ್ಲಿ ದೂರಿಗಿಂತ ಭಯವೇ ಹೆಚ್ಚಾಗಿತ್ತು. ಹಬ್ಬವು ತಮ್ಮ ತಲೆಗೇ ನಿಂತುಹೋಗುವುದೇ ಎಂಬ ಭಯವದು. ಇಂತಹ ಪ್ರಶ್ನೆಗೆ ಬಾಯಿಮಾತಿನ ಸಮಾಧಾನ ಹೇಳಿ ಕಳುಹಿಸುವುದು ಸುಲಭ. ಅದಕ್ಕಿಂತ, ಕಡಲಾಚೆಗೆ ಹೋಗಿ ನೂರಾರು ವರ್ಷ ಶಿವರಾತ್ರಿಯನ್ನು ಉಳಿಸಿಕೊಂಡು ಬಂದ ಒಂದು ಜನಸಮುದಾಯದ ಕಥೆಯನ್ನು ತಿಳಿದುಕೊಳ್ಳುವುದು ಲೇಸೆಂದು ಈ ತಿಂಗಳ ಅಂಕಣವನ್ನು ಅದಕ್ಕೆ ಮೀಸಲಿರಿಸಿದ್ದೇನೆ.

ಹಿಂದೂ ಮಹಾಸಾಗರದಲ್ಲಿ, ಆಫ್ರಿಕಾ ಖಂಡದ ಪೂರ್ವಕ್ಕೆ ಮಾರಿಷಸ್ ಎಂಬ ಪುಟ್ಟ ದ್ವೀಪವಿದೆ. ಅದರ ವಿಸ್ತೀರ್ಣ ಎರಡು ಸಾವಿರ ಚದರ ಕಿಲೋಮೀಟರಿಗೂ ಕಡಿಮೆ. ಬ್ರಿಟಿಷರ ಆಳ್ವಿಕೆಯಲ್ಲಿ ಅಲ್ಲಿ 1835ರಲ್ಲಿ ಗುಲಾಮಗಿರಿ ರದ್ದಾಯಿತು. ಕಬ್ಬಿನ ತೋಟಗಳ ಮಾಲೀಕರಿಗೆ ಆಳುಗಳ ಅಭಾವ ತಲೆದೋರುವುದು ಖಚಿತವಾದೊಡನೆ ಅವರ ದೃಷ್ಟಿ ಭಾರತದ ಬಡವರತ್ತ ಹೊರಳಿತು. 1834ರ ನವೆಂಬರ್ 2ರಂದು 'ಅಟ್ಲಾಸ್' ಎಂಬ ಹಡಗಿನಲ್ಲಿ ಮೊದಲ ತಂಡದ ಕೂಲಿಗಳು ಪೋರ್ಟ್ ಲೂಯಿ ಬಂದರಿನಲ್ಲಿ ಇಳಿದರು. ಅಲ್ಲಿಂದ 1920ರವರೆಗೆ ಆ ಬಂದರಿಗೆ ಬಂದಿಳಿದ ಭಾರತೀಯ ಕೂಲಿಗಳ ಸಂಖ್ಯೆ ಐದು ಲಕ್ಷದ ಸಮೀಪ. ಬಹುಪಾಲು ಬಿಹಾರ ಮತ್ತು ಪೂರ್ವ ಉತ್ತರ ಪ್ರದೇಶದ ಭೋಜಪುರಿ ಮಾತಿನ ಜನ. ಜೊತೆಗೆ ತಮಿಳರು, ತೆಲುಗರು, ಮರಾಠರು. ಅವರು ಹತ್ತಿಹೋದ ಬಂದರಿನ ಮೆಟ್ಟಿಲುಗಳು 'ಆಪ್ರವಾಸಿ ಘಾಟ್' ಎಂಬ ಹೆಸರಿನಲ್ಲಿ ಇಂದಿಗೂ ಇವೆ. 2006ರಲ್ಲಿ ಯುನೆಸ್ಕೋ ಸಂಸ್ಥೆಯು ಆ ಸ್ಥಳವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. 'ಅಗ್ರಿಮೆಂಟ್' ಎಂಬ ಇಂಗ್ಲಿಷ್ ಪದವೇ ಅಂದಿನ ಕೂಲಿಗಳ ಬಾಯಲ್ಲಿ 'ಗಿರ್ಮಿಟ್' ಆಯಿತು. ನಮ್ಮ ಹುಬ್ಬಳ್ಳಿಯ ಓದುಗರು ಚುರುಮುರಿಯ ಗಿರ್ಮಿಟ್ಟನ್ನು ಇಲ್ಲಿ ನೆನೆಯದಿರಲಿ.

ಈ ಗಿರ್ಮಿಟ್ಟಿನ ಕರಾರು ಐದು ವರ್ಷದ್ದು. ಮೊದಮೊದಲು ಗಂಡಾಳಿಗೆ ತಿಂಗಳಿಗೆ 5 ರೂಪಾಯಿ ಕೂಲಿ, ಮೇಲೆ ದಿನಸಿ. ಆ ಕರಾರಿನಲ್ಲಿ 'ಡಬಲ್ ಕಟ್' ಎಂಬ ಕ್ರೂರ ನಿಯಮವೊಂದು ಸೇರಿಕೊಂಡಿತ್ತು. ಅಪ್ಪಣೆಯಿಲ್ಲದೆ ಒಂದು ದಿನ ಕೆಲಸಕ್ಕೆ ಬಾರದಿದ್ದರೆ ಎರಡು ದಿನದ ಕೂಲಿ ಕಡಿತ! ಜ್ವರ ಬಂದು ಮಲಗಿದವನೂ ಕಂಗಾಲಾಗಬೇಕಾದ ಲೆಕ್ಕವಿದು. ಹೀಗಿರುವಾಗ ಹಬ್ಬದ ಹೆಸರಿನಲ್ಲಿ ಕಬ್ಬಿನ ಗದ್ದೆಯಿಂದ ತಪ್ಪಿಸಿಕೊಂಡವನು ಏನನ್ನು ಪಣಕ್ಕಿಟ್ಟಿದ್ದನೆಂಬುದನ್ನು ಓದುಗರೇ ಊಹಿಸಬಹುದು. ರಜೆ ಸಿಗಲಿಲ್ಲವೆಂದು ಹಬ್ಬವನ್ನು ಶನಿವಾರಕ್ಕೆ ಸರಿಸುವ ನಮ್ಮ ಮಕ್ಕಳನ್ನು ಹಳಿಯಲೆಂದು ಇದನ್ನು ಬರೆಯುತ್ತಿಲ್ಲ. ಪರದೇಶದಲ್ಲಿ ಹಬ್ಬಕ್ಕೂ ದುಡಿಮೆಗೂ ಇರುವ ಜಗಳ ಹೊಸದಲ್ಲವೆಂಬುದು ತಿಳಿದಿರಲಿ ಎಂದಷ್ಟೆ.

ಆ ಜನರ ಬಳಿ ಏನಿತ್ತು? ದೇಗುಲವಿರಲಿಲ್ಲ. ಊರಿಗೆ ಮರಳುವ ಹಾದಿ ಹಲವರ ಪಾಲಿಗೆ ಮುಚ್ಚಿಹೋಗಿತ್ತು. ಕತ್ತಲಾದ ಮೇಲೆ ಕೂಲಿಗಳೆಲ್ಲ ಒಂದು ಗುಡಿಸಲಿನಲ್ಲಿ ಸೇರುತ್ತಿದ್ದರು. ಅದಕ್ಕೆ 'ಬೈಠಕಾ' ಎಂದು ಹೆಸರು. ಅಲ್ಲಿ ರಾಮಾಯಣ ಪಠಣ, ಮಕ್ಕಳಿಗೆ ಅಕ್ಷರ, ಕಷ್ಟಸುಖದ ಮಾತು ಎಲ್ಲವೂ ನಡೆಯುತ್ತಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಕರಾರು ತೀರಿದವರಲ್ಲಿ ಅನೇಕರು ಪೈಸೆ ಪೈಸೆ ಕೂಡಿಟ್ಟು ತುಂಡು ಭೂಮಿ ಕೊಂಡರು, ಹಳ್ಳಿ ಕಟ್ಟಿಕೊಂಡರು, ಹಳ್ಳಿಯಲ್ಲಿ ಶಿವಾಲಯ ಎಬ್ಬಿಸಿದರು. ಶಿವಾಲಯವೇನೋ ಆಯಿತು; ಅಭಿಷೇಕಕ್ಕೆ ಗಂಗೆ ಎಲ್ಲಿಂದ ಬರಬೇಕು? ಗಂಗೆಯ ದಂಡೆಯ ಊರುಗಳಿಂದಲೇ ಬಂದ ಜನ ಅವರು. ಶಿವರಾತ್ರಿಗೆ ಗಂಗಾಜಲವನ್ನು ಕಾವಡಿಯಲ್ಲಿ ಹೊತ್ತು ತಂದು ಲಿಂಗಕ್ಕೆ ಎರೆಯುವುದು ಅವರ ತಂದೆ-ತಾತಂದಿರ ರೂಢಿ. ಆ ಗಂಗೆಯೋ ಸಾವಿರಾರು ಮೈಲಿ ದೂರದಲ್ಲಿ, ಕಡಲಿನ ಆಚೆ.

ಅಲ್ಲಿನವರು ಹೇಳುವಂತೆ, 1897ರಲ್ಲಿ ದ್ವೀಪದ ಉತ್ತರ ಭಾಗದ ತ್ರಿಯೋಲೆ ಗ್ರಾಮದ ಝುಮ್ಮನ್ ಗಿರಿ ಎಂಬ ಗೋಸಾವಿ ಅರ್ಚಕರಿಗೆ ಒಂದು ಕನಸು ಬಿತ್ತು. ದ್ವೀಪದ ದಕ್ಷಿಣದ ಎತ್ತರದ ಕಾಡಿನ ನಡುವೆ ಒಂದು ಸರೋವರವಿದೆ, ಅದರ ನೀರು ಜಾಹ್ನವಿಯಿಂದಲೇ ಉಕ್ಕಿ ಬರುತ್ತಿದೆ ಎಂಬುದು ಆ ಕನಸು. ಸುದ್ದಿ ಹಳ್ಳಿಯಿಂದ ಹಳ್ಳಿಗೆ ಹಬ್ಬಿತು. ಮರುವರ್ಷ, ಎಂದರೆ 1898ರಲ್ಲಿ, ಭಕ್ತರು ಕಾಡುಮೇಡು ದಾಟಿ, ದ್ವೀಪದ ಒಂದು ತುದಿಯಿಂದ ಮತ್ತೊಂದರತ್ತ ಕಾಲ್ನಡಿಗೆಯಲ್ಲಿ ಹೋಗಿ, ಆ ಸರೋವರದ ನೀರನ್ನು ಹೊತ್ತು ತಂದು ಶಿವರಾತ್ರಿಯಂದು ತಮ್ಮ ಊರಿನ ಲಿಂಗಕ್ಕೆ ಎರೆದರು. ಅದು ಸಮುದ್ರಮಟ್ಟದಿಂದ ಸುಮಾರು 1800 ಅಡಿ ಎತ್ತರದಲ್ಲಿರುವ, ಆರಿಹೋದ ಜ್ವಾಲಾಮುಖಿಯ ಬಾಯಿಯಲ್ಲಿ ನಿಂತ ನೀರು. ಫ್ರೆಂಚರು ಅದನ್ನು 'ಗ್ರಾಂ ಬಾಸಾಂ' ಎಂದು ಕರೆದಿದ್ದರು. ಈ ಜನ 'ಪರಿ ತಲಾವ್' ಎಂದರು, ಅಪ್ಸರೆಯರ ಕೆರೆ ಎಂಬರ್ಥದಲ್ಲಿ. ಭಾರತದ ಗೋಮುಖದಿಂದ ತಂದ ಗಂಗಾಜಲವನ್ನು ಅದಕ್ಕೆ ಬೆರೆಸಿ 'ಗಂಗಾ ತಲಾವ್' ಎಂದು ಕರೆದದ್ದು 1972ರಲ್ಲಿ. ಈ ಎರಡು ಇಸವಿಗಳ ಅಂತರವನ್ನು ಓದುಗರು ಗಮನಿಸಬೇಕು. ನಿಜವಾದ ಗಂಗೆಯ ನೀರು ಬಂದು ಬೆರೆಯುವವರೆಗೆ ಅವರು ಕಾಯಲಿಲ್ಲ. ಅದಕ್ಕೂ 74 ವರ್ಷ ಮೊದಲೇ ತಮ್ಮ ಕಾಲಡಿಯ ನೀರಿನಲ್ಲಿ ಗಂಗೆಯನ್ನು ಕಂಡುಕೊಂಡು ಶಿವರಾತ್ರಿ ನಡೆಸುತ್ತಿದ್ದರು.

ಇಂದು ಆ ದೇಶದ ಜನಸಂಖ್ಯೆ ಹನ್ನೆರಡೂವರೆ ಲಕ್ಷದ ಆಸುಪಾಸು. ಅವರಲ್ಲಿ ಅರ್ಧದಷ್ಟು ಹಿಂದೂಗಳು. ಮಹಾಶಿವರಾತ್ರಿಯು ಸರ್ಕಾರಿ ರಜಾದಿನ. ಹಾಗೆಯೇ ತಮಿಳರ ತೈಪೂಸಂ ಕಾವಡಿ, ತೆಲುಗರ ಯುಗಾದಿ, ಮರಾಠರ ಗಣೇಶ ಚತುರ್ಥಿಗಳಿಗೂ ಇಡೀ ದೇಶಕ್ಕೆ ರಜೆಯುಂಟು. ಶಿವರಾತ್ರಿಗೆ ಕೆಲವು ದಿನಗಳ ಮೊದಲೇ ಬಿಳಿಯುಡುಗೆಯ ಭಕ್ತರು ಬಿದಿರಿನಿಂದ ಕಟ್ಟಿ, ಬಣ್ಣದ ಕಾಗದ, ಕನ್ನಡಿ, ಹೂಗಳಿಂದ ಸಿಂಗರಿಸಿದ 'ಕಾಂವರ್'ಗಳನ್ನು ಹೊತ್ತು ಗುಂಪು ಗುಂಪಾಗಿ ಹೊರಡುತ್ತಾರೆ. ನಮ್ಮಲ್ಲಿ ಚಳಿ ಓಡುವ ಆ ದಿನಗಳು ಅಲ್ಲಿ ಮಳೆಗಾಲ, ಚಂಡಮಾರುತದ ಕಾಲ. ಮಳೆಯಲ್ಲಿ ನೆನೆಯುತ್ತ, ಅಂಗಾಲಿನ ಬೊಬ್ಬೆಯನ್ನು ಲೆಕ್ಕಿಸದೆ ನಡೆಯುತ್ತಾರೆ. ಹಾದಿಯ ಬದಿಯ ಮನೆಗಳವರು ಚಪ್ಪರ ಹಾಕಿ ಅನ್ನ, ಹಣ್ಣು, ಪಾನಕಗಳನ್ನು ಕೊಡುತ್ತಾರೆ, ದುಡ್ಡಿನ ಮಾತಿಲ್ಲ. ಶ್ರೀಶೈಲ ಮಲ್ಲಿಕಾರ್ಜುನನ ದರ್ಶನಕ್ಕೆ ಕಂಬಿ ಹೊತ್ತು ನಡೆದುಹೋಗುವ ನಮ್ಮ ಬಾಗಲಕೋಟೆ, ವಿಜಯಪುರ, ಬೆಳಗಾವಿ ಸೀಮೆಯ ಭಕ್ತರನ್ನೂ, ಅವರಿಗಾಗಿ ಹಾದಿಯುದ್ದಕ್ಕೂ ದಾಸೋಹ ನಡೆಸುವ ಹಳ್ಳಿಗರನ್ನೂ ಕಂಡವರಿಗೆ ಈ ದೃಶ್ಯವನ್ನು ಬಣ್ಣಿಸಬೇಕಾದ ಅಗತ್ಯವಿಲ್ಲ. ಕಂಬಿಯ ಹಾದಿಯಲ್ಲಿ ಕಾಲು ಒತ್ತುವ ಕೈಗಳು ಅಲ್ಲಿಯೂ ಇವೆ. ಕೊನೆಗೆ ಸರೋವರದ ನೀರಿನೊಂದಿಗೆ ಊರಿಗೆ ಮರಳಿ, ರಾತ್ರಿಯ ನಾಲ್ಕು ಯಾಮಗಳಲ್ಲಿಯೂ ಅಭಿಷೇಕ ಮಾಡುತ್ತಾರೆ. ಇದನ್ನು ಅವರು 'ಚಾರ್ ಪಹರ್' ಪೂಜೆಯೆನ್ನುತ್ತಾರೆ.

ಎಲ್ಲವೂ ಹೊಗಳುವಂತೆಯೇ ಇದೆಯೆಂದು ಹೇಳಲಾರೆ. 2007ರಲ್ಲಿ ಸರೋವರದ ಬಳಿ 108 ಅಡಿಯ ಶಿವನ ಪ್ರತಿಮೆ ಎದ್ದು ನಿಂತಿತು. ನಮ್ಮ ಮುರುಡೇಶ್ವರವನ್ನು ಕಂಡವರಿಗೆ ಅದೇನೂ ಆಶ್ಚರ್ಯವಲ್ಲ, ಎತ್ತರದ ಮೋಹ ಎಲ್ಲ ಕಡೆಯೂ ಒಂದೇ. ಆದರೆ ಎತ್ತರವು ಹೆಗಲ ಮೇಲಿನ ಕಾಂವರಿಗೂ ಅಂಟಿಕೊಂಡಿತು. ಒಬ್ಬನ ಭುಜದ ಮೇಲೆ ಕುಳಿತಿದ್ದ ಪುಟ್ಟ ಬಿದಿರಿನ ಕಾವಡಿಯು ಬೆಳೆದು ಬೆಳೆದು, ಚಕ್ರ ಹಚ್ಚಿ ಹಲವರು ಎಳೆಯಬೇಕಾದ ತೇರಿನಂತಾಯಿತು. 2024ರ ಮಾರ್ಚ್ ತಿಂಗಳ ಆರಂಭದಲ್ಲಿ, ಶಿವರಾತ್ರಿಗೆ ಕೆಲವೇ ದಿನಗಳಿರುವಾಗ, ಅಂತಹ ಒಂದು ರಚನೆಯು ವಿದ್ಯುತ್ ತಂತಿಗೆ ತಗುಲಿ ಹೊತ್ತಿಕೊಂಡು ಆರು ಮಂದಿ ಯಾತ್ರಿಕರು ಪ್ರಾಣ ಬಿಟ್ಟರು. ಎರಡು ದಿನದ ಕೂಲಿಯನ್ನು ತೆತ್ತು ಹಬ್ಬ ಉಳಿಸಿದವರ ಮನೆತನದ ಮಕ್ಕಳಿಗೆ, ಬಿದಿರು ಮತ್ತು ಬಣ್ಣದ ಕಾಗದದ ಅಬ್ಬರಕ್ಕಾಗಿ ಇಂತಹ ಬೆಲೆ ತೆರುವ ದಿನ ಬಂದಿತಲ್ಲ! ಈ ಸುದ್ದಿಯನ್ನು ಓದಿದಾಗ ನಮ್ಮ ಊರುಗಳ ಮೆರವಣಿಗೆಗಳೂ ಕಣ್ಣ ಮುಂದೆ ಬಂದವು. ಅದು ಬೇರೆ ತಿಂಗಳ ಮಾತು.

ಈಗ ನಮ್ಮ ಮಕ್ಕಳತ್ತ ಬರೋಣ. ಅವರು ಕೂಲಿಗಳಾಗಿ ಹೋದವರಲ್ಲ. ವಿದ್ಯಾವಂತರು, ಬೇಕೆಂದಾಗ ವಿಮಾನ ಹತ್ತುವವರು. ಗಂಗೆಯ ನೀರೇಕೆ, ಕೂಡಲಸಂಗಮದ ವಿಭೂತಿಯನ್ನೂ ತರಿಸಿಕೊಳ್ಳಬಲ್ಲವರು. ಹೀಗಿದ್ದೂ ಅವರ ಮನೆಗಳಲ್ಲಿ ಹಬ್ಬ ಸೊರಗುತ್ತಿರುವುದೇಕೆ? ನನ್ನ ತಿಳಿವಳಿಕೆಯ ಮಟ್ಟಿಗೆ ಹೇಳುವುದಾದರೆ, ಮಾರಿಷಸ್ಸಿನ ಆ ಜನರಿಗೆ ಊರಿನ ಹಬ್ಬವನ್ನು ನೋಡುವ ಉಪಾಯವೇ ಇರಲಿಲ್ಲ. ಆದ್ದರಿಂದ ಅವರು ಮಾಡಲೇಬೇಕಾಯಿತು. ನಮ್ಮ ಮಕ್ಕಳಿಗೆ ನೋಡುವ ಸೌಕರ್ಯ ಬೇಕಾದಷ್ಟಿದೆ. ಶಿವರಾತ್ರಿಯ ಸಂಜೆ ತಾಯಿ ಇಲ್ಲಿ ಮೊಬೈಲನ್ನು ದೇವರ ಕೋಣೆಯ ಗೋಡೆಗೆ ಆನಿಸಿಟ್ಟು ಪೂಜೆಗೆ ಕೂಡುತ್ತಾರೆ. ಮಗನು ಅಲ್ಲಿ ಆಫೀಸಿಗೆ ಹೊರಡುವ ಅವಸರದಲ್ಲಿ, ಒಂದು ಕೈಯಲ್ಲಿ ಕಾಫಿ ಹಿಡಿದು ಮಂಗಳಾರತಿಗೆ ಕೈಮುಗಿಯುತ್ತಾನೆ. ಹಬ್ಬ ಆಯಿತೆಂದು ಎರಡೂ ಕಡೆ ಸಮಾಧಾನ. ಪಕ್ಕದಲ್ಲಿ ನಿಂತ ಮೊಮ್ಮಗಳಿಗೆ ಶಿವರಾತ್ರಿಯೆಂದರೆ ಅಜ್ಜಿಯ ಮನೆಯಲ್ಲಿ ನಡೆಯುವ, ಮೊಬೈಲಿನಲ್ಲಿ ಕಾಣುವ ಒಂದು ಸಂಗತಿ. ಅಜ್ಜಿಯ ತರುವಾಯ ಆ ಮಗು ನೋಡುವುದಾದರೂ ಯಾರನ್ನು?

ಅಜ್ಜಿ ಅಲ್ಲಿಗೇ ಹೋದರೆ ಸರಿಯಾಗುವುದೆಂದು ಹಲವರು ಭಾವಿಸುತ್ತಾರೆ. ಮೊಮ್ಮಕ್ಕಳ ಆರೈಕೆಗೆಂದು ಆರು ತಿಂಗಳು ಹೋಗಿಬರುವ ಹಿರಿಯರು ಈಗ ಮನೆಮನೆಯಲ್ಲಿದ್ದಾರೆ. ಅವರಿರುವ ವರ್ಷ ಅಲ್ಲಿ ಹಬ್ಬಗಳು ಬಲು ವೈಭವದಿಂದ ನಡೆಯುತ್ತವೆ. ನಸುಕಿನಲ್ಲೆದ್ದು ಮಡಿಯಿಂದ ಅಡುಗೆ ಮಾಡುವವರು ಅವರೇ, ಪೂಜೆಗೆ ಅಣಿ ಮಾಡುವವರು ಅವರೇ, ವಚನ ಹೇಳುವವರೂ ಅವರೇ. ಮಗ-ಸೊಸೆ ಕೆಲಸದಿಂದ ಬರುವಷ್ಟರಲ್ಲಿ ಎಲ್ಲ ಸಿದ್ಧ. ವೀಸಾ ಅವಧಿ ಮುಗಿದು ಅವರು ಹಿಂದಿರುಗಿದ ಮರುವರ್ಷ ದೇವರ ಗೂಡಿನ ಮುಂದೆ ದೀಪ ಹಚ್ಚುವುದೂ ಮರೆತುಹೋಗಿರುತ್ತದೆ. ಪ್ರೀತಿಯಿಂದಲೇ ಮಾಡಿದ ಕೆಲಸ, ನಿಜ. ಆದರೆ ಆ ಪ್ರೀತಿಯು ಮಕ್ಕಳ ಕೈಯಿಂದ ಕಾಯಕವನ್ನು ಕಿತ್ತುಕೊಂಡಿತು. ಹಿರಿಯರು ಆ ದಿನ ಕುರ್ಚಿಯ ಮೇಲೆ ಕುಳಿತು, ಸೊಸೆ ಸೀಯಿಸಿದ ತಂಬಿಟ್ಟಿನ ಹುರಿಹಿಟ್ಟನ್ನೇ ಮೆಚ್ಚಿ ತಿಂದು, ಮಗನಿಂದ ಎರಡು ವಚನ ತಪ್ಪು ತಪ್ಪಾಗಿಯಾದರೂ ಹೇಳಿಸಿದರೆ ಅದು ಹೆಚ್ಚು ಕಾಲ ಬಾಳೀತು. ಅತ್ತೆಯರಿಗೆ ಇದು ಕಠಿಣ ವ್ರತವೆಂದು ಬಲ್ಲೆ!

ಲಿಂಗಾಯತರಿಗಂತೂ ಇದರಲ್ಲಿ ಒಂದು ಅನುಕೂಲವಿದೆ. ಮಾರಿಷಸ್ಸಿನವರು ಸರೋವರವನ್ನು ಹುಡುಕಿಕೊಂಡು ಹೋಗಬೇಕಾಯಿತು. ನಮ್ಮ ಮಕ್ಕಳ ಕೊರಳಲ್ಲಿ, ಅಥವಾ ಪೆಟ್ಟಿಗೆಯ ತಳದಲ್ಲಿಯಾದರೂ, ಇಷ್ಟಲಿಂಗವಿದೆ. ಅದಕ್ಕೆ ಗುಡಿ ಬೇಡ, ಅರ್ಚಕ ಬೇಡ. ಅಂಗೈಯಗಲದ ಜಾಗ, ಒಂದಿಷ್ಟು ಶುದ್ಧ ನೀರು ಸಾಕು. ಶರಣರು ದಿನಗಳಲ್ಲಿ ಮೇಲುಕೀಳನ್ನು ಎಣಿಸಿದವರಲ್ಲ. ಲಿಂಗಪೂಜೆ ನಿತ್ಯದ ನೇಮ. ಹಾಗಾದರೆ ಶಿವರಾತ್ರಿಯೆಂಬ ಒಂದು ರಾತ್ರಿಯೇ ಬೇಕೆಂಬ ಹಟವೇಕೆಂದು ತರುಣರು ಕೇಳಬಹುದು, ಕೇಳಿದ್ದಾರೆ ಕೂಡ. ಸಾಧಕನೊಬ್ಬನಿಗೆ ಬೇಡವಿರಬಹುದು. ಆದರೆ ಮಗುವಿಗೆ 'ಪ್ರತಿದಿನ' ಎಂಬುದು ನೆನಪಿನಲ್ಲಿ ನಿಲ್ಲುವುದಿಲ್ಲ. ಹೊರಗೆ ಹಿಮ ಸುರಿಯುತ್ತಿದ್ದ, ಮಲಗುವ ಹೊತ್ತು ಮೀರಿದರೂ ಯಾರೂ ಗದರದಿದ್ದ, ಅಪ್ಪನು ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ಕಣ್ಣು ಮುಚ್ಚಿ ಕುಳಿತಿದ್ದ ಆ ಒಂದು ರಾತ್ರಿ ನಿಲ್ಲುತ್ತದೆ.

ಪತ್ರೆಯ ವಿಚಾರದಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಮಕ್ಕಳಿಗೆ ಹಸಿ ಬಿಲ್ವಪತ್ರೆಯನ್ನು ಪಾರ್ಸೆಲ್ ಮಾಡುವ, ಇಲ್ಲವೇ ಪೆಟ್ಟಿಗೆಯ ಬಟ್ಟೆಗಳ ನಡುವೆ ಅಡಗಿಸಿ ಒಯ್ಯುವ ಸಾಹಸಕ್ಕೆ ಯಾರೂ ಕೈಹಾಕಬಾರದು. ಬಿಲ್ವವೂ ಕರಿಬೇವೂ ನಿಂಬೆ-ಕಿತ್ತಳೆಗಳ ಕುಲಕ್ಕೆ ಸೇರಿದ ಸಸ್ಯಗಳು. ಅಂತಹ ಎಲೆಗಳೊಂದಿಗೆ ಬರುವ ಕೀಟ, ರೋಗಗಳು ತಮ್ಮ ಕಿತ್ತಳೆ ತೋಟಗಳನ್ನು ಹಾಳುಗೆಡವಿಯಾವೆಂದು ಅಮೆರಿಕದವರು ಅವುಗಳನ್ನು ವಿಮಾನ ನಿಲ್ದಾಣದಲ್ಲಿಯೇ ತಡೆಯುತ್ತಾರೆ. ಆಸ್ಟ್ರೇಲಿಯದವರು ಇನ್ನೂ ಬಿಗಿ. ರೈತರ ಮಕ್ಕಳಾದ ನಮಗೆ ಇದು ಅರ್ಥವಾಗದ ಮಾತಲ್ಲ. ಅಲ್ಲಿಯ ಹಿತ್ತಲಿನಲ್ಲಿ, ಅಂಗಡಿಯಲ್ಲಿ ಸಿಗುವ ಯಾವುದಾದರೂ ಹೂ ಲಿಂಗಕ್ಕೆ ಏರಲಿ.

ಉಳಿದದ್ದು ದಿನದ ಪ್ರಶ್ನೆ. ಊರಿನವರೆಲ್ಲ ಶನಿವಾರ ಶಾಲೆಯೊಂದರ ಸಭಾಂಗಣ ಬಾಡಿಗೆಗೆ ಹಿಡಿದು ಸೇರುವುದು ಒಳ್ಳೆಯದೇ. ದೂರ ದೂರದ ಮನೆಗಳು ಕೂಡಲು ಬೇರೆ ದಾರಿಯಿಲ್ಲ. ಅದು ಸಮಾಜದ ಕೂಟ, ನಡೆಯಲಿ. ಅದರ ಜೊತೆಗೆ, ನಿಜವಾದ ಚತುರ್ದಶಿಯ ರಾತ್ರಿ ಮನೆಯಲ್ಲಿ ಒಂದು ಗಳಿಗೆಯ ಪೂಜೆಗೆ ಯಾವ ಕಂಪನಿಯ ರಜೆಯೂ ಬೇಕಾಗುವುದಿಲ್ಲ. ಶಿವರಾತ್ರಿ ಹೇಗೂ ರಾತ್ರಿಯ ಹಬ್ಬ. ಆದರೆ ಆ ರಾತ್ರಿ ಯಾವುದೆಂಬುದನ್ನು ನಮ್ಮ ಗೋಡೆಯ ಕ್ಯಾಲೆಂಡರ್ ನೋಡಿ ಹೇಳಬಾರದು. ನಡುರಾತ್ರಿಯಲ್ಲಿ ಚತುರ್ದಶಿ ಇರುವ ದಿನವೇ ಶಿವರಾತ್ರಿ. ನಡುರಾತ್ರಿಯಾದರೋ ಊರೂರಿಗೆ ಬೇರೆ. 2022ರಲ್ಲಿ ನಮ್ಮಲ್ಲಿ ಶಿವರಾತ್ರಿ ಮಾರ್ಚ್ 1ರಂದು ಬಂದಿತ್ತು. ಆ ವರ್ಷ ತಿಥಿಯು ಇಲ್ಲಿ ಮಾರ್ಚ್ 1ರ ನಸುಕಿನಲ್ಲಿ ಆರಂಭವಾಯಿತು. ಅಮೆರಿಕದ ಪೂರ್ವ ತೀರದಲ್ಲಿ ಆಗ ಇನ್ನೂ ಫೆಬ್ರವರಿ 28ರ ಸಂಜೆ. ಅಲ್ಲಿಯವರಿಗೆ ಫೆಬ್ರವರಿ 28ರ ರಾತ್ರಿಯೇ ಶಿವರಾತ್ರಿ. 'ಒಂದು ದಿನ ಮೊದಲೇ ಹಬ್ಬ ಮಾಡಿ ಕುಳಿತಿದ್ದೀರಿ' ಎಂದು ಆ ವರ್ಷ ಮಕ್ಕಳನ್ನು ಗದರಿದ ಹಿರಿಯರಿದ್ದರೆ, ಪಂಚಾಂಗವು ಮಕ್ಕಳ ಪಕ್ಷದಲ್ಲಿತ್ತು. ಆಯಾ ಊರಿನ ಪಂಚಾಂಗಗಳು ಈಗ ಸುಲಭವಾಗಿ ದೊರೆಯುತ್ತವೆ, ಅವರೇ ನೋಡಿಕೊಳ್ಳಲಿ.

ಎರಡೂ ಕಡೆ ಒಂದೇ ತಾರೀಖಿಗೆ ಬಂದ ವರ್ಷದಲ್ಲಿ ಲೆಕ್ಕ ಹೀಗಿರುತ್ತದೆ. ನಮ್ಮಲ್ಲಿ ನಾಲ್ಕು ಯಾಮಗಳ ಪೂಜೆ, ಜಾಗರಣೆ ಮುಗಿದು ಬೆಳಗಿನ ಆರು ಗಂಟೆಯಾದಾಗ ನ್ಯೂಜೆರ್ಸಿಯಲ್ಲಿ ಹಿಂದಿನ ಸಂಜೆಯ ಏಳೂವರೆ. ಆ ಹೊತ್ತಿಗೆ ಕರೆ ಮಾಡಬೇಡಿ. ಅವರು ಆಗಷ್ಟೇ ಕೆಲಸದಿಂದ ಬಂದು, ಮಿಂದು, ದೀಪ ಹಚ್ಚುವ ಸಮಯ. ನೀವು ಒಂದು ನಿದ್ದೆ ಮಾಡಿ, ಮಧ್ಯಾಹ್ನದ ಊಟ ಮುಗಿಸಿ, ಸಂಜೆ ಕರೆ ಮಾಡಿ. ಏನು ಮಾಡಿದಿರೆಂದು ಮೊಮ್ಮಗಳನ್ನೇ ಕೇಳಿ.